ಅಪ್ಪ ಅಮ್ಮನ ಜೊತೆ ಕಾಟ್ಸ್‌ವೋಲ್ಡ್ಸ್: ಒಂದೇ ದಿನಕ್ಕೆ ಒಂಬತ್ತು ಊರು ಆಗುತ್ತಾ?

ಹಾಸನದ ಕಾರು:
ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಲಂಡನ್ ಎರಡು ಸಲ ಸುತ್ತಿ ಆಯಿತು. ಮೊನ್ನೆ ಅಮ್ಮ, "ಈ ದೇಶದಲ್ಲಿ ಹಳ್ಳಿ ಅಂತ ಇಲ್ವೇನೋ? ಬರೀ ಮೆಟ್ಟಿಲು, ಬರೀ ಜನ" ಅಂದರು. ಹಾಗಾಗಿ ಶನಿವಾರ ಹಳೇ ಕಲ್ಲುಮನೆಯ ಹಳ್ಳಿಗಳಿರುವ ಕಾಟ್ಸ್‌ವೋಲ್ಡ್ಸ್ ಸೀಮೆ ಕಡೆ ಕಾರಲ್ಲಿ ಹೋಗೋಣ ಅಂತಿದ್ದೇನೆ.

ನನ್ನ ಪಟ್ಟಿ: ಬರ್ಫರ್ಡ್, ಬೈಬರಿ, ನಾರ್ತ್‌ಲೀಚ್, ಬೋರ್ಟನ್ ಆನ್ ದ ವಾಟರ್, ಲೋಯರ್ ಸ್ಲಾಟರ್, ಸ್ಟೋ ಆನ್ ದ ವೋಲ್ಡ್, ಚಿಪ್ಪಿಂಗ್ ಕ್ಯಾಂಪ್ಡನ್, ಬ್ರಾಡ್‌ವೇ, ಕಾಸಲ್ ಕೂಮ್.

ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಮನೆ ಸೇರಬೇಕು. ಅಪ್ಪನಿಗೆ ಮಂಡಿನೋವು, ಜಾಸ್ತಿ ನಡೆಯಲಾರರು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೋಟರ್‌ವೇ ಬಿಟ್ಟು ಹಳ್ಳಿ ರಸ್ತೆಯಲ್ಲಿ ನಾನು ಓಡಿಸಿದ್ದು ಕಡಿಮೆ. ಇನ್ನೊಂದು ತೊಂದರೆ: ಪಟ್ಟಿ ನೋಡಿದ ಅಪ್ಪ, "ಸ್ಲಾಟರ್ ಅಂದ್ರೆ ಕಟುಕರ ಊರಾ? ಅಲ್ಲಿಗೆ ನಾನು ಬರಲ್ಲ" ಅಂದುಬಿಟ್ಟಿದ್ದಾರೆ.

ನಿಧಾನಿ:
ಒಂಬತ್ತು ಊರು ನೋಡುವುದಿಲ್ಲ ನೀವು, ಒಂಬತ್ತು ಪಾರ್ಕಿಂಗ್ ನೋಡಿ ಬರುತ್ತೀರಿ. ನಾನೂ ಮೊದಲ ಸಲ ಇದೇ ಮಾಡಿದ್ದೆ. ಮನೆಗೆ ಬಂದು ಫೋಟೋ ನೋಡಿದರೆ ಯಾವುದು ಯಾವ ಊರು ಅಂತಲೇ ಗೊತ್ತಾಗಲಿಲ್ಲ. ಎಲ್ಲಾ ಜೇನುಬಣ್ಣದ ಕಲ್ಲು, ಎಲ್ಲದರ ಮುಂದೆ ನಾನು, ನನ್ನ ಅದೇ ನೀಲಿ ಜಾಕೆಟ್.

ಮೊದಲು ಕಾಸಲ್ ಕೂಮ್ ಹೊಡೆದುಹಾಕಿ. ಅದು ಚಿಪ್ಪನಮ್ ಹತ್ತಿರ, ವಿಲ್ಟ್‌ಶೈರ್‌ನಲ್ಲಿ. ಕಾಟ್ಸ್‌ವೋಲ್ಡ್ಸ್ ಅಂದರೆ ಒಂದು ಊರಲ್ಲ ಸ್ವಾಮಿ, ಸುಮಾರು 2,000 ಚದರ ಕಿಲೋಮೀಟರ್ ಇದೆ. ನಿಮ್ಮ ಪಟ್ಟಿಯ ಬಾಕಿ ಎಲ್ಲಾ ಇನ್ನೊಂದು ತುದಿಯಲ್ಲಿವೆ.

ಅಪ್ಪ ಅಮ್ಮ ಜೊತೆಗಿದ್ದರೆ ನಾಲ್ಕು ಊರು, ಒಂದು ತೋಟ. ಅಷ್ಟೇ.

ಚೆಲ್ಟನಮ್ ಅಕ್ಕ:
ನಿಧಾನಿ ಹೇಳಿದ್ದು ಸರಿ. ನಾನು ಹದಿನಾಲ್ಕು ವರ್ಷದಿಂದ ಈ ಕಡೆಯೇ ಇದ್ದೇನೆ. ಯಾರು ಬಂದರೂ ಹೀಗೆ ಕರೆದುಕೊಂಡು ಹೋಗುತ್ತೇನೆ:

ಆಕ್ಸ್‌ಫರ್ಡ್ ದಾಟಿ ಎ40 ಹಿಡಿದು ಬರ್ಫರ್ಡ್. ಒಂಬತ್ತಕ್ಕೆ ಮುಂಚೆ ಅಲ್ಲಿರಬೇಕು. ಮುಖ್ಯ ಬೀದಿ ಇಳಿಜಾರು. ಮೇಲೆ ನಿಂತರೆ ಬೀದಿಯ ಎರಡೂ ಬದಿಯ ಮನೆಗಳು, ಕೆಳಗೆ ವಿಂಡ್ರಶ್ ನದಿ, ಅದರಾಚೆ ಗದ್ದೆಬಯಲು, ಎಲ್ಲಾ ಒಂದೇ ನೋಟಕ್ಕೆ ಸಿಗುತ್ತದೆ. ಕೆಳಗಿನ ಹಳೇ ಸೇತುವೆ ತೀರಾ ಕಿರಿದು. ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಬಿಡುತ್ತಾರೆ. ಅಪ್ಪನಿಗೆ ಮಂಡಿನೋವಿದ್ದರೆ ಕಾರನ್ನು ಮೇಲೆ ನಿಲ್ಲಿಸಿ ಇಳಿಸಬೇಡಿ. ಇಳಿಯುವುದು ಸುಲಭ, ಹತ್ತುವಾಗ ಗೊತ್ತಾಗುತ್ತದೆ. ನದಿ ಹತ್ತಿರವೇ ಪಾರ್ಕಿಂಗ್ ಇದೆ, ಚರ್ಚೂ ಅಲ್ಲೇ.

ಆಮೇಲೆ ಎ40ಯಲ್ಲೇ ನಾರ್ತ್‌ಲೀಚ್. ಅಲ್ಲಿಂದ ಎ429 ಹಿಡಿಯಿರಿ. ಅದು ರೋಮನ್ನರು ಹಾಕಿದ ಫಾಸ್ ವೇ. ಎಕ್ಸೆಟರ್‌ನಿಂದ ಲಿಂಕನ್‌ವರೆಗೆ ಹೋಗುತ್ತಿದ್ದ ದಾರಿ. ನೂಲು ಹಿಡಿದ ಹಾಗೆ ನೆಟ್ಟಗಿದೆ. ಬೋರ್ಟನ್ ದಾಟಿ ಲೋಯರ್, ಅಪ್ಪರ್ ಎರಡೂ ಸ್ಲಾಟರ್‌ಗಳು, ಆಮೇಲೆ ಸ್ಟೋ, ಮಧ್ಯಾಹ್ನದ ಮೇಲೆ ಸೆಜಿನ್‌ಕೋಟ್. ಈ ಕೊನೆಯದು ನಿಮ್ಮ ಪಟ್ಟಿಯಲ್ಲಿಲ್ಲ. ಸೇರಿಸಿ. ಯಾಕೆ ಅಂತ ಆಮೇಲೆ ಬರೆಯುತ್ತೇನೆ, ಈಗ ಕುಕ್ಕರ್ ಕೂಗುತ್ತಿದೆ.

ಅಪ್ಪನಿಗೆ ಹೇಳಿ: ಸ್ಲಾಟರ್‌ಗೂ ಕಡಿಯುವುದಕ್ಕೂ ಸಂಬಂಧವಿಲ್ಲ. ಹಳೇ ಇಂಗ್ಲಿಷಿನಲ್ಲಿ ಕೆಸರು ನೆಲ ಅನ್ನುವ ಅರ್ಥದ ಪದ ಹೀಗೆ ಬದಲಾಗಿದೆ. ನಮ್ಮ ಕಡೆ ಹೇಳುವುದಾದರೆ ಕೆಸರಹಳ್ಳಿ ಅಂದುಕೊಳ್ಳಿ.

ಕ್ಲಚ್ ಕೇಶಿ:
ಊರಿನ ಚಂದ ಆಮೇಲೆ. ಮೊದಲು ರಸ್ತೆ ವಿಷಯ ಹೇಳುತ್ತೇನೆ, ನಾನು ಬೆಲೆ ತೆತ್ತವನು.

ಬೈಬರಿಯಿಂದ ಹೊರಟು ಫೋನಿನ ಮ್ಯಾಪ್ ಹೇಳಿದ "ಹತ್ತಿರದ ದಾರಿ" ಹಿಡಿದೆ. ಐದು ನಿಮಿಷಕ್ಕೆ ರಸ್ತೆ ಸೊರಗುತ್ತಾ ಸೊರಗುತ್ತಾ ಒಂದು ಕಾರಿನ ಅಗಲಕ್ಕೆ ಬಂತು. ಎರಡೂ ಕಡೆ ತಲೆ ಮೇಲೆ ಎತ್ತರದ ಬೇಲಿ. ಎದುರಿಗೆ ಟ್ರ್ಯಾಕ್ಟರ್. ಹಿಂದೆ ಹೋಗಬೇಕು. ಬಾಡಿಗೆ ಕಾರು, ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಲ್ಲಿ ಅತ್ತೆ ಮಾವ. ನೂರು ಮೀಟರ್ ರಿವರ್ಸ್ ಹೊಡೆಯುವಷ್ಟರಲ್ಲಿ ಎಡಗಡೆ ಕನ್ನಡಿ ಹೋಯಿತು. ಟ್ರ್ಯಾಕ್ಟರಿನವನು ಹಾಯಾಗಿ ಕೂತು ಒಂದು ಬೆರಳೆತ್ತಿ ಥ್ಯಾಂಕ್ಸ್ ಹೇಳಿ ಹೋದ. ಮಾವ ಇವತ್ತಿಗೂ ಮದುವೆ ಮನೆಗಳಲ್ಲಿ ಈ ಕಥೆ ಹೇಳುತ್ತಾರೆ. ಪ್ರತಿ ಸಲ ಟ್ರ್ಯಾಕ್ಟರ್ ಸ್ವಲ್ಪ ದೊಡ್ಡದಾಗುತ್ತದೆ.

ಕಲಿತದ್ದು: ಒಂಟಿ ರಸ್ತೆಯಲ್ಲಿ ಅಲ್ಲಲ್ಲಿ ಸ್ವಲ್ಪ ಅಗಲ ಮಾಡಿರುತ್ತಾರೆ, ಪಾಸಿಂಗ್ ಪ್ಲೇಸ್ ಅಂತ. ಅದನ್ನು ದಾಟುವಾಗಲೇ ಮನಸ್ಸಲ್ಲಿ ಇಟ್ಟುಕೊಳ್ಳಿ. ಹಿಂದೆ ಬರಬೇಕಾದರೆ ಎಷ್ಟು ದೂರ ಅಂತ ಗೊತ್ತಿರುತ್ತದೆ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಸರಿಯಿರಿ. ಬಲಕ್ಕಿದ್ದರೆ ನೀವು ಈಚೆ ನಿಂತು ಎದುರಿನವರಿಗೆ ಜಾಗ ಬಿಡಿ. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ, ಊರವರಿಗೆ ಮೈ ಉರಿಯುತ್ತದೆ.

ಬಿಳಿ ವೃತ್ತದ ಮೇಲೆ ಓರೆ ಕಪ್ಪು ಗೆರೆ ಕಂಡರೆ ಅಂಥ ರಸ್ತೆಗೆ 60 ಮೈಲಿ ಮಿತಿ. ಅಷ್ಟು ಹೋಗಬಹುದು ಅಂತ, ಹೋಗಲೇಬೇಕು ಅಂತಲ್ಲ. ಬೇಲಿಗಳ ಮಧ್ಯೆ 25ಕ್ಕೇ ನನಗೆ ಬೆವರು ಬರುತ್ತಿತ್ತು.

ನಿಧಾನಿ:
ಕುದುರೆ ಸವಾರರು ಸಿಗುತ್ತಾರೆ. ಹಾರ್ನ್ ಹೊಡೆಯಬೇಡಿ, ನಮ್ಮೂರ ಅಭ್ಯಾಸ ಇಲ್ಲಿ ಬೇಡ. ಗಂಟೆಗೆ 10 ಮೈಲಿಗೆ ಇಳಿಸಿ, ಕನಿಷ್ಠ ಎರಡು ಮೀಟರ್ ಜಾಗ ಬಿಟ್ಟು ದಾಟಬೇಕು. ಹಾಗಂತ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್‌ನಲ್ಲೇ ಇದೆ.

ಸುಮ್ನೆ ಕೇಳ್ದೆ:
ಬೇಜಾರು ಮಾಡಿಕೊಳ್ಳಬೇಡಿ. ಹಳೇ ಕಲ್ಲುಮನೆ ನೋಡೋಕೆ ಇಷ್ಟು ಪೆಟ್ರೋಲು ಯಾಕೆ ಅಂತ. ನಮ್ಮ ತಾತನ ತೊಟ್ಟಿಮನೆ ಕೆಡವಿದಾಗ ನೋಡೋಕೆ ಯಾರೂ ಬರಲಿಲ್ಲ. ಇಲ್ಲಿ ಬೈಬರಿಯಲ್ಲಿ ಒಂದು ಸಾಲು ಮನೆಗೆ ಬಸ್ಸುಗಟ್ಟಲೆ ಜನ. ಹೋಗಿ ಐದು ನಿಮಿಷ ನಿಂತೆ. ಮನೆ ನೋಡಿದೆ, ಬಾತುಕೋಳಿ ನೋಡಿದೆ, ಮುಗೀತು.

ಶ್ರೀರಂಗಪಟ್ಟಣದ ಮೇಷ್ಟ್ರು:
ನಾನು ನಿವೃತ್ತ ಇತಿಹಾಸದ ಮೇಷ್ಟ್ರು. ಇಂಗ್ಲೆಂಡ್ ಕಣ್ಣಿಂದ ನೋಡಿಲ್ಲ. ಮಗಳು ಅಲ್ಲಿರುವುದರಿಂದ ಫೋನಿನಲ್ಲಿ ನೋಡಿದ್ದೇನೆ. ಆದರೂ ಎರಡು ಮಾತು.

ಐದು ನಿಮಿಷಕ್ಕೆ ಮುಗಿಯುವುದು ಯಾಕೆಂದರೆ ನಾವು ಮನೆ ನೋಡುತ್ತೇವೆ, ಕುರಿ ನೋಡುವುದಿಲ್ಲ. ಆ ಸೀಮೆಯ ದುಡ್ಡೆಲ್ಲ ಕುರಿಯ ಬೆನ್ನ ಮೇಲಿಂದ ಬಂದದ್ದು. ಮಧ್ಯಯುಗದಲ್ಲಿ ಕಾಟ್ಸ್‌ವೋಲ್ಡ್ ಉಣ್ಣೆಗೆ ಫ್ಲಾಂಡರ್ಸ್‌ನಲ್ಲೂ (ಈಗಿನ ಬೆಲ್ಜಿಯಂ ಕಡೆ) ಇಟಲಿಯಲ್ಲೂ ಬೇಡಿಕೆ. ವ್ಯಾಪಾರಿಗಳು ಆ ದುಡ್ಡಲ್ಲಿ ಚರ್ಚ್ ಕಟ್ಟಿಸಿದರು. ನಾರ್ತ್‌ಲೀಚ್ ಅಷ್ಟು ಚಿಕ್ಕ ಊರು, ಚರ್ಚ್ ನೋಡಿದರೆ ಪಟ್ಟಣಕ್ಕಾಗುವಷ್ಟಿದೆ. ಒಳಗೆ ನೆಲದಲ್ಲಿ ಹಿತ್ತಾಳೆ ತಗಡುಗಳಲ್ಲಿ ಆ ವ್ಯಾಪಾರಿಗಳ ಚಿತ್ರ ಕೆತ್ತಿದ್ದಾರೆ. ಕಾಲ ಬಳಿ ಕುರಿ, ಉಣ್ಣೆ ಮೂಟೆ.

ಬೈಬರಿಯ ಆ ಸಾಲು, ಅರ್ಲಿಂಗ್ಟನ್ ರೋ, 1380ರ ಸುಮಾರಿಗೆ ಕಟ್ಟಿದಾಗ ಮನೆಯೇ ಅಲ್ಲ. ಮಠದ ಉಣ್ಣೆ ಕಣಜ. 17ನೇ ಶತಮಾನದಲ್ಲಿ ನೇಕಾರರ ಮನೆಗಳಾಗಿ ಒಡೆದರು. ಮುಂದಿನ ಹುಲ್ಲುಗಾವಲಿನ ಹೆಸರು ರ‍್ಯಾಕ್ ಐಲ್. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಒಣಹಾಕುತ್ತಿದ್ದ ಜಾಗ. ನಿಮ್ಮ ಬಾತುಕೋಳಿ ಓಡಾಡಿದ್ದು ಅಲ್ಲಿ.

ಇನ್ನು ಈ ಹಳೇ ಮನೆಗಳು ಉಳಿದದ್ದು ಯಾಕೆ? ಪ್ರೀತಿಯಿಂದ ಅಲ್ಲ, ಬಡತನದಿಂದ. ಬಟ್ಟೆ ಉದ್ಯಮ ಕಲ್ಲಿದ್ದಲು, ಉಗಿಯಂತ್ರ ಇದ್ದ ಯಾರ್ಕ್‌ಶೈರ್ ಕಡೆಗೆ ಹೋಯಿತು. ಇಲ್ಲಿ ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ಕಾಸಿರಲಿಲ್ಲ. ಹಾಗಾಗಿ ಹಳೇದೇ ನಿಂತಿತು. ನಿಮ್ಮ ತಾತನ ತೊಟ್ಟಿಮನೆ ಬಿದ್ದದ್ದು ಕೈಯಲ್ಲಿ ದುಡ್ಡು ಬಂದಾಗ ಅಲ್ವಾ?

ಸುಮ್ನೆ ಕೇಳ್ದೆ:
ಹೌದು ಮೇಷ್ಟ್ರೇ. ಚಿಕ್ಕಪ್ಪ ದುಬೈಯಿಂದ ಬಂದ ವರ್ಷವೇ ಕೆಡವಿದ್ದು.

ಚೆಲ್ಟನಮ್ ಅಕ್ಕ:
ಮೇಷ್ಟ್ರು ಹೇಳಿದ ಬಡತನ ಈಗ ತಿರುಗುಮುರುಗಾಗಿದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಈಗ ಆ ಮನೆ ಕೊಳ್ಳಲು ಆಗುವುದಿಲ್ಲ. ನನ್ನ ಜೊತೆ ಕೆಲಸ ಮಾಡುವವಳ ತಾಯಿಮನೆ ಒಂದು ಸ್ಲಾಟರ್‌ನಲ್ಲಿತ್ತು. ಈಗ ಅವಳು ಗ್ಲೋಸ್ಟರ್‌ನಲ್ಲಿ ಬಾಡಿಗೆಗಿದ್ದಾಳೆ. ಬಾಗಿಲ ಮುಂದೆ ಹೂಕುಂಡ ಕಂಡಿತು ಅಂತ ಕಿಟಕಿಯೊಳಗೆ ಇಣುಕಬೇಡಿ. ಅರ್ಲಿಂಗ್ಟನ್ ರೋನಲ್ಲೂ ಜನ ವಾಸ ಇದ್ದಾರೆ.

ಬೈಬರಿಯ ಹಳದಿ ಕಾರಿನ ಕಥೆ ಗೊತ್ತಾ? ಅಲ್ಲೊಬ್ಬ ವಯಸ್ಸಾದವರು ತಮ್ಮ ಹಳದಿ ಕಾರನ್ನು ಮನೆ ಹತ್ತಿರ ನಿಲ್ಲಿಸುತ್ತಿದ್ದರು. ನಮ್ಮ ಫೋಟೋ ಹಾಳಾಗುತ್ತದೆ ಅಂತ ಪ್ರವಾಸಿಗರ ಗೊಣಗಾಟ. 2017ರಲ್ಲಿ ಯಾರೋ ಆ ಕಾರಿನ ಗಾಜು ಒಡೆದು ಗೀಚಿ ಹಾಕಿದರು. ಆಮೇಲೆ ಏನಾಯಿತು ಅಂದರೆ, ದೇಶದ ಬೇರೆ ಬೇರೆ ಕಡೆಯಿಂದ ಸುಮಾರು ನೂರು ಹಳದಿ ಕಾರುಗಳು ಮೆರವಣಿಗೆಯಲ್ಲಿ ಬೈಬರಿಗೆ ಬಂದವು. ನನಗೆ ಬೈಬರಿಯಲ್ಲಿ ಅತಿ ಇಷ್ಟವಾದ ಸಂಗತಿ ಅದೇ.

ಈಗ ಸೆಜಿನ್‌ಕೋಟ್. ಮೋರ್ಟನ್ ಇನ್ ಮಾರ್ಶ್ ಹತ್ತಿರ, ಎ44ರಿಂದ ಒಳಗೆ. ಓಕ್ ಮರಗಳ ಮಧ್ಯೆ ಹೋಗುತ್ತಾ ಇರುತ್ತೀರಿ, ಕುರಿ ಮೇಯುತ್ತಿರುತ್ತವೆ, ಇದ್ದಕ್ಕಿದ್ದ ಹಾಗೆ ಎದುರಿಗೆ ಒಂದು ಮೊಘಲ್ ಮಹಲು! ತಾಮ್ರದ ಹಸಿರು ಗುಮ್ಮಟ, ಮೂಲೆಗೆ ಪುಟ್ಟ ಛತ್ರಿಗಳು, ನವಿಲುಗರಿಯಂಥ ಕಮಾನಿನ ಕಿಟಕಿಗಳು. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೆಲಸ ಮಾಡಿ ದುಡ್ಡು ಮಾಡಿಕೊಂಡು ಬಂದ ಚಾರ್ಲ್ಸ್ ಕಾಕರೆಲ್ ಅನ್ನುವವನ ಮನೆ. ಅವನ ತಮ್ಮನೋ ಅಣ್ಣನೋ ಸ್ಯಾಮ್ಯುಯೆಲ್ ಪೆಪಿಸ್ ಕಾಕರೆಲ್ ನಕ್ಷೆ ಹಾಕಿದ್ದು, 1805ರ ಆಸುಪಾಸಿನಲ್ಲಿ.

ತೋಟದಲ್ಲಿ ಒಂದು ತೊರೆ. ತೊರೆಯ ಮೇಲೆ ಸೇತುವೆ. ಸೇತುವೆ ಮೇಲೆ ಯಾರು ಕೂತಿದ್ದಾರೆ ಹೇಳಿ? ನಂದಿ. ಒಂದಲ್ಲ, ಸಾಲಾಗಿ. ಮೇಲಿನ ಕೊಳದ ಬಳಿ ಸೂರ್ಯನ ಗುಡಿಯೂ ಇದೆ. ನಮ್ಮ ಅತ್ತೆ ಅಲ್ಲಿ ಅರ್ಧ ಗಂಟೆ ಮಾತೇ ಆಡಲಿಲ್ಲ. ಅದೇ ಒಂದು ಪವಾಡ.

ತೋಟ ದಿನಾ ತೆರೆದಿರುವುದಿಲ್ಲ. ಹೊರಡುವ ಮುಂಚೆ ದಿನ, ಸಮಯ ನೋಡಿಕೊಳ್ಳಿ.

ಶ್ರೀರಂಗಪಟ್ಟಣದ ಮೇಷ್ಟ್ರು:
ಚೆಲ್ಟನಮ್ ಅಕ್ಕ ನನ್ನ ಬಾಯಿಂದ ಕಿತ್ತುಕೊಂಡರು. ಆ ತೋಟದ ಭಾರತೀಯ ಅಲಂಕಾರಕ್ಕೆ ಸಲಹೆ ಕೊಟ್ಟವನು ಥಾಮಸ್ ಡೇನಿಯಲ್ ಅನ್ನುವ ಚಿತ್ರಕಾರ. ಅವನೂ ಅವನ ಅಣ್ಣನ ಮಗ ವಿಲಿಯಂ ಕೂಡ ಏಳೆಂಟು ವರ್ಷ ಭಾರತ ಸುತ್ತಿದವರು. 1792ರಲ್ಲಿ, ಮೂರನೇ ಮೈಸೂರು ಯುದ್ಧ ಮುಗಿದ ಹೊತ್ತಲ್ಲೇ, ಈ ಕಡೆ ಬಂದರು. ಹೊಸೂರು, ರಾಯಕೋಟೆಯ ಚಿತ್ರ ಬರೆದುಕೊಂಡು ಹೋದರು. ನಮ್ಮ ದಕ್ಷಿಣದ ಗುಡಿಗಳ ಮುಂದೆ ಕೂತ ಬಸವನನ್ನು ಕಂಡ ಕಣ್ಣು ಅದು. ಆದರೆ ಬಸವ ಕೂರುವುದು ಶಿವನ ಎದುರಿಗೆ. ಇವರು ಸೇತುವೆ ಕಂಬಕ್ಕೆ ಕೂರಿಸಿದರು. ಎದುರಿಗೆ ಲಿಂಗವಿಲ್ಲದ ನಂದಿ ಏನು ಕಾಯುತ್ತಿದೆಯೋ!

ಸ್ಟೋ ಊರಿನಿಂದ ಕೆಲವೇ ಮೈಲಿ ಡೇಲ್ಸ್‌ಫರ್ಡ್. ಅಲ್ಲಿ ವಾರನ್ ಹೇಸ್ಟಿಂಗ್ಸ್ ಮನೆ. ನಕ್ಷೆ ಅದೇ ಕಾಕರೆಲ್‌ನದು. ಮನೆ ಖಾಸಗಿ, ನೋಡಲಾಗದು. ಹೇಸ್ಟಿಂಗ್ಸ್ 1818ರಲ್ಲಿ ತೀರಿಕೊಂಡ, ಆ ಊರ ಚರ್ಚಿನ ಆವರಣದಲ್ಲೇ ಸಮಾಧಿ. ಅವನು ಗವರ್ನರ್ ಜನರಲ್ ಆಗಿದ್ದಾಗಲೇ 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರನ ಸೈನ್ಯ ಕಂಪನಿ ಪಡೆಯನ್ನು ಬಡಿದದ್ದು. ಆ ಯುದ್ಧದ ಚಿತ್ರ ನಮ್ಮ ದರಿಯಾ ದೌಲತ್ ಗೋಡೆ ಮೇಲಿದೆ. ನಾನು ಮಕ್ಕಳನ್ನು ಮೂವತ್ತು ವರ್ಷ ಅದರ ಮುಂದೆ ನಿಲ್ಲಿಸಿ ಪಾಠ ಮಾಡಿದ್ದೇನೆ. ಕೊನೆಗಾಲಕ್ಕೆ ಅವನು ಕುರಿ ಮೇಯುವ ಹಳ್ಳಿಗೆ ಹೋಗಿ ಕೂತ ಅಂತ ಓದಿದಾಗ ಏನೋ ಒಂಥರ ಆಗಿತ್ತು.

ಇನ್ನೊಂದು ಎಳೆ. ಚಿಪ್ಪಿಂಗ್ ಕ್ಯಾಂಪ್ಡನ್‌ಗೆ 1902ರಲ್ಲಿ ಆಶ್‌ಬೀ ಎಂಬವರು ಲಂಡನ್ನಿನ ಪೂರ್ವ ಭಾಗದಿಂದ ತಮ್ಮ ಕುಶಲಕರ್ಮಿಗಳನ್ನು ಸಂಸಾರ ಸಮೇತ ಕರೆತಂದರು. ಬೆಳ್ಳಿ ಕೆಲಸ, ಮರಗೆಲಸ, ಪುಸ್ತಕ ಕಟ್ಟುವುದು, ಎಲ್ಲಾ ಕೈಯಲ್ಲೇ ಆಗಬೇಕು ಅನ್ನುವ ಹಟ. ಪಕ್ಕದ ಬ್ರಾಡ್ ಕ್ಯಾಂಪ್ಡನ್‌ನಲ್ಲಿ ಒಂದು ಪಾಳುಬಿದ್ದ ನಾರ್ಮನ್ ಚಾಪೆಲನ್ನು ಆಶ್‌ಬೀ ಮನೆಯಾಗಿ ಮಾಡಿಕೊಟ್ಟರು. ಯಾರಿಗೆ ಗೊತ್ತಾ? ಆನಂದ ಕುಮಾರಸ್ವಾಮಿಯವರಿಗೆ. ಸಿಂಹಳದ ಮಧ್ಯಯುಗದ ಕಲೆ ಕುರಿತ ಅವರ ದೊಡ್ಡ ಪುಸ್ತಕ 1908ರಲ್ಲಿ ಅಲ್ಲೇ ಅಚ್ಚಾಯಿತು. ನಮ್ಮ ಶಿಲ್ಪಕಲೆಯ ಮಾತು ಬಂದರೆ ಇವತ್ತಿಗೂ ಎತ್ತುವ ಹೆಸರು ಅದು.

ಕ್ಲಚ್ ಕೇಶಿ:
ಮೇಷ್ಟ್ರೇ, ನಾನು ಆ ರಸ್ತೆಯಲ್ಲಿ ಮೂರು ಸಲ ಹೋಗಿದ್ದೇನೆ. ಕನ್ನಡಿ ಬಿಟ್ಟರೆ ಬೇರೇನೂ ನೆನಪಿಲ್ಲ. ನಾಚಿಕೆ ಆಗುತ್ತಿದೆ.

ಹಾಸನದ ಕಾರು:
ಊಟಕ್ಕೆ ಏನು ಮಾಡಲಿ?

ಚೆಲ್ಟನಮ್ ಅಕ್ಕ:
ಕಟ್ಟಿಕೊಂಡು ಹೋಗಿ. ಸಸ್ಯಾಹಾರ ಸಿಗುತ್ತದೆ, ಆದರೆ ಹಳ್ಳಿ ಪಬ್‌ಗಳಲ್ಲಿ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿಬಿಡುತ್ತದೆ. ಆಮೇಲೆ ಚಿಪ್ಸ್ ಪೊಟ್ಟಣವೇ ಗತಿ. ಮೊಟ್ಟೆ ಬೇಡ ಅಂದರೆ ಸ್ಕೋನ್ ಅನ್ನುವ ಬನ್ನು ತಿನ್ನುವ ಮುಂಚೆ ಕೇಳಿ, ಎಷ್ಟೋ ಕಡೆ ಹಾಕಿರುತ್ತಾರೆ. ಚಿತ್ರಾನ್ನ, ಚಪಾತಿ, ಫ್ಲಾಸ್ಕಲ್ಲಿ ಕಾಫಿ. ಅಪ್ಪ ಅಮ್ಮನಿಗೆ ಅದೇ ಸುಖ.

ನಿಧಾನಿ:
ಶೌಚಾಲಯಕ್ಕೆ, ಪಾರ್ಕಿಂಗ್ ಯಂತ್ರಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಫೋನ್ ಸಿಗ್ನಲ್ ಕಣಿವೆಯಲ್ಲಿ ಕೈಕೊಡುತ್ತದೆ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ಹಾಸನದ ಕಾರು:
ಹೋಗಿ ಬಂದೆವು! ಉದ್ದ ಬರೆಯುತ್ತೇನೆ, ಬೈಯಬೇಡಿ.

ಏಳಕ್ಕೇ ಹೊರಟೆವು. ಬರ್ಫರ್ಡ್ ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು. ಚರ್ಚ್ ತೆರೆದ ಮೇಲೆ ಒಳಗೆ ಹೋದೆವು. ಅಲ್ಲಿ ಮಗುವಿಗೆ ನೀರು ಚಿಮುಕಿಸಿ ಹೆಸರಿಡುವ ಕಲ್ಲಿನ ತೊಟ್ಟಿ ಇದೆ. ಅದರ ಸೀಸದ ಅಂಚಿನಲ್ಲಿ ಯಾರೋ ಗೀರಿದ್ದಾರೆ: ಆಂಟನಿ ಸೆಡ್ಲಿ, 1649, ಕೈದಿ. ಸೇನಾನಾಯಕ ಕ್ರಾಮ್‌ವೆಲ್‌ನ ವಿರುದ್ಧ ತಿರುಗಿಬಿದ್ದ ಅವನದೇ ಸೈನಿಕರು, ಲೆವೆಲರ್ಸ್ ಅಂತ, ಸುಮಾರು 340 ಜನರನ್ನು ಆ ಚರ್ಚಿನಲ್ಲೇ ಕೂಡಿಹಾಕಿದ್ದರಂತೆ. ಮೇ 17ಕ್ಕೆ ಮೂವರನ್ನು ಹೊರಗೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ಕೈದಿ ಅನ್ನುವ ಪದದ ಸ್ಪೆಲ್ಲಿಂಗ್ ತಪ್ಪಿದೆ. ಅಮ್ಮ ಆ ಅಕ್ಷರ ಮುಟ್ಟಿ, "ಪಾಪ, ಯಾರ ಮನೆ ಮಗನೋ. ಉಳಿದನಾ ಇವನು?" ಅಂದರು. ಗುಂಡಿಗೆ ಸತ್ತ ಮೂವರ ಹೆಸರು ಬೇರೆ ಅಂತ ಅಲ್ಲಿನ ಫಲಕ ನೋಡಿ ಹೇಳಿದ ಮೇಲೇ ಹೊರಗೆ ಬಂದರು.

ನಾರ್ತ್‌ಲೀಚ್‌ನಲ್ಲಿ ಅಪ್ಪ ಗೆದ್ದರು. ಹಿತ್ತಾಳೆ ತಗಡಿನ ವ್ಯಾಪಾರಿಯನ್ನು ನೋಡಿ, "ಕುರಿ ಮೇಲೆ ಕಾಲಿಟ್ಕೊಂಡು ಮಲಗಿದ್ದಾನಲ್ಲೋ! ಅನ್ನ ಕೊಟ್ಟ ಪ್ರಾಣಿ ಮೇಲೆ ಕಾಲಿಡ್ತಾರಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಬೋರ್ಟನ್ ನೋಡಲಿಲ್ಲ. ಪಾರ್ಕಿಂಗ್ ತುಂಬಿತ್ತು, ನದಿ ದಂಡೆಯಲ್ಲಿ ಜಾತ್ರೆ. ಎರಡು ಸುತ್ತು ಹೊಡೆದು ಬಿಟ್ಟೆ. ಬೇಜಾರಿಲ್ಲ. ಲೋಯರ್ ಸ್ಲಾಟರ್‌ನಲ್ಲಿ ನದಿ ಪಕ್ಕ ಕೂತೆವು. ಅಪ್ಪನಿಗೆ ಕೆಸರಹಳ್ಳಿ ಅಂದ ಮೇಲೆ ಸಮಾಧಾನ. ಅಪ್ಪರ್ ಸ್ಲಾಟರ್‌ನಲ್ಲಿ ರಸ್ತೆ ಮೇಲೇ ನೀರು ಹರಿಯುವ ಜಾಗ ಇದೆ. ಆ ಊರಿಂದ ಎರಡೂ ಮಹಾಯುದ್ಧಕ್ಕೆ ಹೋದವರೆಲ್ಲ ಜೀವಂತ ಮರಳಿದರಂತೆ. ಇಂಗ್ಲೆಂಡಿನ ಊರೂರಲ್ಲೂ ಸತ್ತವರ ಹೆಸರಿನ ಕಲ್ಲು ನೋಡಿದ್ದೇವಲ್ಲ, ಇಲ್ಲಿ ಅದು ಇಲ್ಲ ಅಂದರೆ ಎಷ್ಟು ದೊಡ್ಡ ಮಾತು.

ಆಮೇಲೆ ಕೇಶಿಯವರ ಟ್ರ್ಯಾಕ್ಟರ್ ನಮಗೂ ಸಿಕ್ಕಿತು! ಆದರೆ ಹಿಂದಿನ ಪಾಸಿಂಗ್ ಪ್ಲೇಸ್ ನೆನಪಿಟ್ಟುಕೊಂಡಿದ್ದೆ. ಅಪ್ಪ ಇಳಿದು ಕೆಎಸ್ಆರ್‌ಟಿಸಿ ಕಂಡಕ್ಟರ್ ಥರ "ರೈಟ್... ರೈಟ್... ಹೋಲ್ಡಾನ್!" ಅಂತ ಕೂಗಿದರು. ಟ್ರ್ಯಾಕ್ಟರಿನವನು ಈ ಸಲ ಪೂರ್ತಿ ಕೈ ಎತ್ತಿದ.

ಸ್ಟೋ ಚೌಕದಲ್ಲಿ ಬೆಂಚಿನ ಮೇಲೆ ಚಿತ್ರಾನ್ನ. ಚೌಕಕ್ಕೆ ಬರುವ ಸಂದಿಗಳು ಒಬ್ಬರು ದಾಟುವಷ್ಟೇ ಅಗಲ. ಕುರಿಗಳನ್ನು ಒಂದೊಂದಾಗಿ ಬಿಟ್ಟು ಎಣಿಸಲು ಹಾಗೆ ಮಾಡಿದ್ದರು ಅಂತ ಹೇಳುತ್ತಾರೆ. ಚರ್ಚಿನ ಹಿಂಬಾಗಿಲಿನ ಎರಡೂ ಪಕ್ಕ ಯೂ ಮರ ಗೋಡೆಗೇ ಅಂಟಿಕೊಂಡು ಬೆಳೆದಿವೆ. ಅಲ್ಲಿ ಫೋಟೋಗೆ ಸಾಲು ಇತ್ತು, ನಾವೂ ನಿಂತೆವು.

ಸೆಜಿನ್‌ಕೋಟ್. ಏನು ಹೇಳಲಿ. ಮಹಲು ನೋಡಿ ಅಮ್ಮ "ಚೆನ್ನಾಗಿದೆ" ಅಂದರು, ಅಷ್ಟೇ. ಸೇತುವೆ ಹತ್ತಿರ ಬಂದಾಗ ನಿಂತರು. "ಬಸವಣ್ಣ ಅಲ್ವಾ ಇದು?" ಚಪ್ಪಲಿ ಬಿಟ್ಟರು. ಅಪ್ಪ, "ಹಾಕ್ಕೊಳೇ, ಕಾಲು ತಣ್ಣಗಾಗುತ್ತೆ, ಇದು ಗುಡಿಯಲ್ಲ, ಸೇತುವೆ" ಅಂದರು. ಅಮ್ಮ, "ಬಸವ ಬಸವಾನೇ" ಅಂದು ಬರಿಗಾಲಲ್ಲೇ ಆ ಕಡೆಗೆ ಹೋದರು. ಹಳೇಬೀಡಿನ ನಂದಿ ಮುಂದೆ ನಿಂತವರಿಗೆ ಇದು ಪುಟ್ಟ ಕರು. ಆದರೂ ಅದರ ಕುತ್ತಿಗೆ ಸವರಿ, "ಎಷ್ಟು ವರ್ಷದಿಂದ ಮಳೇಲಿ ಕೂತಿದ್ದೀಯೋ" ಅಂತ ಮಾತಾಡಿಸಿದರು. ನಾನು ಮೇಷ್ಟ್ರು ಬರೆದದ್ದನ್ನು ಓದಿ ಹೇಳಿದೆ. ಅಪ್ಪ ಮನೆ ಕಡೆ ತಿರುಗಿ, "ಹಾಗಾದ್ರೆ ನಮ್ಮ ದುಡ್ಡಲ್ಲೇ ಕಟ್ಟಿದ್ದು. ಟಿಕೆಟ್ ಯಾಕೆ ತಗೊಂಡೆ?" ಅಂದರು.

ಚಿಪ್ಪಿಂಗ್ ಕ್ಯಾಂಪ್ಡನ್, ಬ್ರಾಡ್‌ವೇ ಆಗಲಿಲ್ಲ.

ಶ್ರೀರಂಗಪಟ್ಟಣದ ಮೇಷ್ಟ್ರು:
ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ನಂದಿಯ ಫೋಟೋ ಇದ್ದರೆ ಹಾಕಿ. ಕೊರಳಲ್ಲಿ ಗಂಟೆಸರ ಕೆತ್ತಿದ್ದಾರಾ ಅಂತ ನೋಡಬೇಕು.

ಸುಮ್ನೆ ಕೇಳ್ದೆ:
ನಾನೂ ಮುಂದಿನ ವಾರ ಹೋಗೋಣ ಅಂತಿದ್ದೇನೆ. ಕಾರಿಲ್ಲ. ಆಗುತ್ತಾ?

ಚೆಲ್ಟನಮ್ ಅಕ್ಕ:
ಆಗುತ್ತದೆ. ಲಂಡನ್ ಪ್ಯಾಡಿಂಗ್ಟನ್‌ನಿಂದ ಮೋರ್ಟನ್ ಇನ್ ಮಾರ್ಶ್‌ಗೆ ನೇರ ರೈಲು, ಒಂದೂವರೆ ಗಂಟೆ ಚಿಲ್ಲರೆ. ಅಲ್ಲಿಂದ ಸ್ಟೋ, ಬೋರ್ಟನ್‌ಗೆ 801 ಬಸ್. ಸಂಜೆಯ ಕೊನೇ ಬಸ್ಸಿನ ಸಮಯ ಬರೆದಿಟ್ಟುಕೊಳ್ಳಿ, ತಪ್ಪಿದರೆ ಟ್ಯಾಕ್ಸಿ ಸಿಗುವುದು ಕಷ್ಟ. ನೀವೂ ಈ ಸಲ ಬೈಬರಿಗೆ ಹೋದರೆ ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲಿ.

ಹಾಸನದ ಕಾರು:
ಮೇಷ್ಟ್ರೇ, ಫೋಟೋ ಹಾಕುತ್ತೇನೆ. ಎಲ್ಲದರಲ್ಲೂ ಅಮ್ಮನ ಕೈ ನಂದಿಯ ಕೊರಳ ಮೇಲೇ ಇದೆ, ಗಂಟೆ ಕಾಣುತ್ತಿಲ್ಲ. ಇನ್ನೊಂದು ಸಲ ಹೋಗಲೇಬೇಕು. ಅಪ್ಪ ಬೇರೆ, ದಾರಿಯುದ್ದಕ್ಕೂ ಗಾರೆ ಇಲ್ಲದೆ ಕಲ್ಲ ಮೇಲೆ ಕಲ್ಲು ಜೋಡಿಸಿದ ಗೋಡೆ ನೋಡಿ, ಅದನ್ನು ಕಟ್ಟುವವರನ್ನು ಮಾತಾಡಿಸಬೇಕು ಅಂತ ಹಟ ಹಿಡಿದಿದ್ದಾರೆ. ಯಾರಿಗಾದರೂ ಅಂಥವರು ಕೆಲಸ ಮಾಡುವ ಜಾಗ ಗೊತ್ತಾ?